ಲಿಥುವೇನಿಯಾದ ಶಾಲೆ, ಶಾಲೆಯ ಬಟ್ಟೆ: ಕಳಚಿ ಎಸೆದದ್ದನ್ನು ಮತ್ತೆ ತೊಟ್ಟಿದ್ದು ಯಾಕೆ?

ವಿಲ್ನಿಯಸ್‌ವಾಸಿ

ನಮಸ್ಕಾರ. ಯುರೋಪಿನ ಇತಿಹಾಸ ಚೆನ್ನಾಗಿ ಓದಿಕೊಂಡವರು ಈ ಬಳಗದಲ್ಲಿ ಇದ್ದಾರೆ, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ. ಸೆಪ್ಟೆಂಬರ್ 1ಕ್ಕೆ ನಮ್ಮ ಮಗಳು ಇಲ್ಲಿ ಒಂದನೇ ತರಗತಿಗೆ ಸೇರ್ತಾಳೆ. ಚೌಕಳಿ ಲಂಗ, ಎದೆಯ ಮೇಲೆ ಶಾಲೆಯ ಲಾಂಛನ ಇರುವ ತೋಳಿಲ್ಲದ ಸ್ವೆಟರ್ ತೆಗೆದುಕೊಳ್ಳಬೇಕು ಅಂತ ಶಾಲೆಯಿಂದ ಹೇಳಿದ್ದಾರೆ. ಆಫೀಸಿನಲ್ಲಿ ಈ ಮಾತು ಬಂದಾಗ ಐವತ್ತು ದಾಟಿದವರು ಮುಖ ಗಂಟು ಹಾಕಿದರು. ಚಿಕ್ಕ ವಯಸ್ಸಿನ ಅಪ್ಪ ಅಮ್ಮಂದಿರಿಗೆ ಅದೇನೂ ದೊಡ್ಡ ವಿಷಯ ಅನ್ನಿಸಿದ ಹಾಗೆ ಕಾಣಲಿಲ್ಲ.

ಸೋವಿಯತ್ ಆಳ್ವಿಕೆ ಕುಸಿದಾಗ ಸಮವಸ್ತ್ರವನ್ನೂ ಬಿಟ್ಟ ದೇಶ ಇದು. ಆಮೇಲೆ ಯಾರೂ ಹೊರಗಿನಿಂದ ಹೇರದೆ ಇದ್ದರೂ ಬಹಳಷ್ಟು ಶಾಲೆಗಳು ತಾವಾಗಿಯೇ ಮತ್ತೆ ತಂದುಕೊಂಡಿವೆ. ಇದರ ಹಿಂದಿನ ಕಥೆ ಏನು? ಬಟ್ಟೆಯದಷ್ಟೇ ಅಲ್ಲ, ಇಲ್ಲಿನ ಶಾಲೆಯ ಕಥೆಯೇ ನನಗೆ ಬೇಕು.

ಧಾರವಾಡದ ಇತಿಹಾಸ ಮೇಡಂ

ಒಳ್ಳೆ ಪ್ರಶ್ನೆ. ಸ್ವಲ್ಪ ಹಿಂದಿನಿಂದ ಬರಬೇಕು, ಆದರೆ ಹಳೇ ಭಾಗವನ್ನು ಬೇಗ ದಾಟಿಸ್ತೀನಿ.

ರಾಜಧಾನಿ ವಿಲ್ನಿಯಸ್‌ನ ಕ್ಯಾಥೆಡ್ರಲ್ ಶಾಲೆಯ ಉಲ್ಲೇಖ 1397ರಲ್ಲೇ ಸಿಗುತ್ತೆ. ದೇಶ ಕ್ರೈಸ್ತ ಧರ್ಮಕ್ಕೆ ಬಂದು ಆಗ ಹತ್ತು ವರ್ಷವಷ್ಟೇ. ಲಿಥುವೇನಿಯನ್ ಭಾಷೆಯ ಮೊದಲ ಅಚ್ಚಾದ ಪುಸ್ತಕ 1547ರದ್ದು, ಮಾರ್ತಿನಾಸ್ ಮಾಜ್ವಿದಾಸ್ ಕೋನಿಗ್ಸ್‌ಬರ್ಗ್‌ನಲ್ಲಿ ಅಚ್ಚು ಹಾಕಿಸಿದ ಧರ್ಮಬೋಧೆಯ ಪುಸ್ತಕ. ಅದರಲ್ಲೇ ಅಕ್ಷರ ಕಲಿಸುವ ಪುಟಗಳೂ ಇದ್ದವು. 1579ರಲ್ಲಿ ಜೆಸುಯಿಟರು ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಕಾಲೇಜು ವಿಲ್ನಿಯಸ್ ವಿಶ್ವವಿದ್ಯಾಲಯ ಆಯಿತು. 1773ರಲ್ಲಿ ಪೋಪ್ ಜೆಸುಯಿಟ್ ಸಂಘವನ್ನೇ ವಿಸರ್ಜಿಸಿದಾಗ, ಅವರ ಶಾಲೆಗಳನ್ನು ನಡೆಸಲು ಪೋಲೆಂಡ್-ಲಿಥುವೇನಿಯಾ ಒಕ್ಕೂಟ ಒಂದು ಶಿಕ್ಷಣ ಆಯೋಗ ಮಾಡಿತು. ಯುರೋಪಿನ ಮೊದಲ ಶಿಕ್ಷಣ ಸಚಿವಾಲಯ ಅಂತ ಅದನ್ನು ಹೇಳೋದುಂಟು.

1795ರಲ್ಲಿ ಒಕ್ಕೂಟವನ್ನು ನೆರೆಯ ಸಾಮ್ರಾಜ್ಯಗಳು ಪೂರ್ತಿ ಹಂಚಿಕೊಂಡವು, ಲಿಥುವೇನಿಯಾದ ಬಹುಭಾಗ ರಷ್ಯಾದ ತ್ಸಾರನ ಕೈಗೆ ಹೋಯಿತು. 1831ರ ದಂಗೆಯ ನಂತರ ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು. 1863ರ ದಂಗೆಯ ನಂತರ ಆದದ್ದೇ ನಿಮ್ಮ ಪ್ರಶ್ನೆಗೆ ಮುಖ್ಯ. ಗವರ್ನರ್-ಜನರಲ್ ಮುರಾವ್ಯೋವ್ ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚು ಹಾಕೋದನ್ನೇ ನಿಷೇಧಿಸಿದ. ಸರ್ಕಾರಿ ಶಾಲೆಯಲ್ಲಿ ಪಾಠವೆಲ್ಲ ರಷ್ಯನ್‌ನಲ್ಲಿ. ಲಿಥುವೇನಿಯನ್ ಬೇಕೇ ಬೇಕಾದರೆ ರಷ್ಯನ್ ಲಿಪಿಯಲ್ಲಿ ಓದಿ ಅಂತ ಸರ್ಕಾರವೇ ಪುಸ್ತಕ ಅಚ್ಚು ಹಾಕಿಸಿ ಹಂಚಿತು. ರೈತರು ಅವನ್ನು ಮುಟ್ಟಲಿಲ್ಲ. ಈ ನಿಷೇಧ 1904ರ ಮೇ 7ರವರೆಗೆ, ಸುಮಾರು 40 ವರ್ಷ ನಡೆಯಿತು. ಎರಡು ತಲೆಮಾರಿನ ಮಕ್ಕಳು ತಮ್ಮ ಭಾಷೆಯ ಪುಸ್ತಕ ಕೈಯಲ್ಲಿ ಹಿಡಿಯೋದೇ ಅಪರಾಧ ಅನ್ನೋ ದೇಶದಲ್ಲಿ ಬೆಳೆದರು.

ಕೌನಾಸ್ ಕನ್ನಡಿಗ

ಮೇಡಂ ಹೇಳಿದ ನಲವತ್ತು ವರ್ಷಗಳ ಬಗ್ಗೆ ಇನ್ನಷ್ಟು ಹೇಳಲೇಬೇಕು, ಯಾಕಂದ್ರೆ ಇಲ್ಲಿನ ಜನ ಶಾಲೆ ಅಂದ ಕೂಡಲೇ ನೆನೆಯೋದು ಅದನ್ನೇ.

ಪುಸ್ತಕಗಳು ಗಡಿಯಾಚೆ, ಪೂರ್ವ ಪ್ರಷ್ಯಾದ ತಿಲ್ಸಿತ್‌ನಂಥ ಊರುಗಳಲ್ಲಿ ಅಚ್ಚಾಗ್ತಿದ್ದವು. ಬಿಷಪ್ ಮೊತಿಯೆಯುಸ್ ವಲಾಂಚ್ಯುಸ್ ಮೊದಮೊದಲು ಇದಕ್ಕೆ ಹಣ, ಜನ ಎರಡನ್ನೂ ಹೊಂದಿಸಿದರು. ರಾತ್ರಿ ಹೊತ್ತು ಮೂಟೆ ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿಸುವವರನ್ನು ಕ್ನಿಗ್ನೆಶಿಸ್, ಅಂದರೆ ಪುಸ್ತಕ ಹೊರುವವರು ಅಂತಾರೆ. ಸಿಕ್ಕಿಬಿದ್ದರೆ ಜೈಲು, ಇಲ್ಲಾಂದ್ರೆ ಗಡೀಪಾರು. ಗಡಿ ಕಾವಲಿನವರ ಗುಂಡಿಗೆ ಸತ್ತವರೂ ಇದ್ದಾರೆ. ಯುರ್ಗಿಸ್ ಬಿಯೆಲಿನಿಸ್ ಅನ್ನೋ ರೈತನ ಮಗ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಕೆಲಸ ಮಾಡಿದ. ಅವನು ಹುಟ್ಟಿದ ಮಾರ್ಚ್ 16 ಈಗ ಪುಸ್ತಕ ಹೊತ್ತವರ ದಿನ. ಕೌನಾಸ್‌ನ ಯುದ್ಧ ವಸ್ತುಸಂಗ್ರಹಾಲಯದ ತೋಟದಲ್ಲಿ ಸೈನಿಕರ ಸ್ಮಾರಕಗಳ ನಡುವೆ ಪುಸ್ತಕ ಹೊತ್ತವನ ಪ್ರತಿಮೆಯೂ ನಿಂತಿದೆ. ಅವನಿಗೆ ಆ ಜಾಗ ಕೊಟ್ಟಿದ್ದಾರಲ್ಲ, ಅದು ನನಗೆ ಬಹಳ ಹಿಡಿಸುತ್ತೆ.

ಆ ಪುಸ್ತಕಗಳು ಹೋಗಿ ಸೇರ್ತಿದ್ದ ಜಾಗ ಹಳ್ಳಿಯ ಗುಟ್ಟಿನ ಶಾಲೆ. ದರಾಕ್ತೋರಿಯಸ್ ಅನ್ನುವ ಮೇಷ್ಟ್ರು, ಅಂದರೆ ಸ್ವಲ್ಪ ಓದಿಕೊಂಡ ಯಾರೋ ಹಳ್ಳಿಯವರೇ, ಚಳಿಗಾಲದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಜಾಗ ಬದಲಿಸ್ತಾ ಪಾಠ ಹೇಳೋರು. ಊಟ, ಮಲಗಲು ಮೂಲೆ, ಒಂದಿಷ್ಟು ದುಡ್ಡು ಅವರ ಸಂಬಳ. ಬೇಸಿಗೆ ಬಂದರೆ ಮಕ್ಕಳು ದನ ಕಾಯಲು ಹೋಗಬೇಕು, ಶಾಲೆ ಮುಗೀತು. ಅದೂ ಸಿಗದವರಿಗೆ ಅಮ್ಮನೇ ಮೇಷ್ಟ್ರು. 1906ರಲ್ಲಿ ಶಿಲ್ಪಿ ಪೆಟ್ರಾಸ್ ರಿಮ್ಶಾ ಮಾಡಿದ ಒಂದು ಶಿಲ್ಪ ಇದೆ: ತಾಯಿ ರಾಟೆ ಮುಂದೆ ಕೂತು ನೂಲುತ್ತಿದ್ದಾಳೆ, ಪಕ್ಕದಲ್ಲಿ ಪುಸ್ತಕ ಹಿಡಿದ ಮಗು. ಇಲ್ಲಿ ಆ ಶಿಲ್ಪವನ್ನು ಅರಿಯದವರಿಲ್ಲ.

ಈ ಶಾಲೆಯಲ್ಲಿ ಎಂಥ ಸಮವಸ್ತ್ರ? ಮನೆಯಲ್ಲೇ ನೇಯ್ದ ನಾರುಬಟ್ಟೆ, ಮರದ ಪಾದರಕ್ಷೆ.

ಕಲಬುರಗಿ ಹುಡುಗ

ಇದು ಓದಿ ನಮ್ಮ ಅಜ್ಜ ನೆನಪಾದ್ರು. ನಿಜಾಮನ ಕಾಲದಾಗ ಅವರು ಉರ್ದು ಶಾಲ್ಯಾಗ ಓದಿದವರು, ಕನ್ನಡ ಅಕ್ಷರ ಕಲ್ತಿದ್ದು ಮನ್ಯಾಗ. ಲಿಥುವೇನಿಯಾದವರದು ಅದಕ್ಕಿಂತ ಭಾಳ ಕಠಿಣ ಅನಸ್ತದ, ಪುಸ್ತಕ ಇಟ್ಕೊಂಡ್ರ ಜೈಲು ಅಂದ್ರ!

ಆದ್ರ ಸಮವಸ್ತ್ರ ಎಲ್ಲಿಂದ ಬಂತ್ರಿ ಹಂಗಾರ?

ಧಾರವಾಡದ ಇತಿಹಾಸ ಮೇಡಂ

ಸಮವಸ್ತ್ರ ಬಂದದ್ದು ಮೇಲಿನಿಂದ ತಮ್ಮಾ, ಜಿಮ್ನೇಸಿಯಂನಿಂದ. ನಮ್ಮಲ್ಲಿ ವ್ಯಾಯಾಮದ ಮನೆಗೆ ಹಾಗಂತಾರೆ, ಅಲ್ಲಿ ಅದು ವಿಶ್ವವಿದ್ಯಾಲಯಕ್ಕೆ ಅಣಿ ಮಾಡುವ ಪ್ರೌಢಶಾಲೆ. ತ್ಸಾರನ ಸಾಮ್ರಾಜ್ಯದಲ್ಲಿ ಜಿಮ್ನೇಸಿಯಂ ಹುಡುಗರಿಗೆ ಸೈನಿಕರ ಮಾದರಿಯ ಅಂಗಿ, ಬಕಲ್ ಇರುವ ಬೆಲ್ಟು, ಟೋಪಿ. ಹುಡುಗಿಯರಿಗೆ ಗಾಢ ಬಣ್ಣದ, ಹೆಚ್ಚಾಗಿ ಕಂದು ಬಣ್ಣದ ಉದ್ದ ಉಡುಪು, ಮೇಲೆ ಕಪ್ಪು ಏಪ್ರನ್, ಹಬ್ಬದ ದಿನ ಬಿಳೀದು. ಈ ಕಂದು-ಕಪ್ಪು ಜೋಡಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಆ ಬಟ್ಟೆ ತೊಟ್ಟ ಮಕ್ಕಳ ಒಳಗೆ ಏನಿತ್ತು ಅನ್ನೋದಕ್ಕೆ 1896ರ ಒಂದು ಘಟನೆ ಹೇಳಬೇಕು. ಈಗಿನ ಲಾತ್ವಿಯಾದ ಯೆಲ್ಗಾವಾ, ಆಗಿನ ಮಿತಾವ್, ಅಲ್ಲಿನ ಜಿಮ್ನೇಸಿಯಂನಲ್ಲಿ ಲಿಥುವೇನಿಯಾದ ಬಹಳ ಹುಡುಗರು ಓದ್ತಿದ್ದರು. ಭಾಷಾಶಾಸ್ತ್ರಜ್ಞ ಯೊನಾಸ್ ಯಬ್ಲೊನ್ಸ್ಕಿಸ್ ಅಲ್ಲೇ ಮೇಷ್ಟ್ರಾಗಿದ್ದವರು. ಬೆಳಗಿನ ಪ್ರಾರ್ಥನೆಯನ್ನು ರಷ್ಯನ್‌ನಲ್ಲಿ ಹೇಳಬೇಕು ಅನ್ನೋ ಕಟ್ಟಳೆ ಬಂತು. ಕ್ಯಾಥೊಲಿಕ್ ಹುಡುಗರು ಹೇಳೋದಿಲ್ಲ ಅಂದರು. ಹುಡುಗರನ್ನು ಶಾಲೆಯಿಂದ ಹೊರಗೆ ಹಾಕಿದರು. ಅವರಲ್ಲೊಬ್ಬ ಅಂತಾನಾಸ್ ಸ್ಮೆತೋನಾ. ಅವನು ಸುಮ್ಮನೆ ಕೂರದೆ ಸಾಮ್ರಾಜ್ಯದ ರಾಜಧಾನಿಯವರೆಗೆ ಅಹವಾಲು ಒಯ್ದ, ಕೊನೆಗೆ ಕ್ಯಾಥೊಲಿಕ್ ಮಕ್ಕಳು ಲ್ಯಾಟಿನ್‌ನಲ್ಲಿ ಪ್ರಾರ್ಥಿಸಲು ಒಪ್ಪಿಗೆ ಸಿಕ್ಕಿತು. ಅದೇ ಸ್ಮೆತೋನಾ 1919ರಲ್ಲಿ ಲಿಥುವೇನಿಯಾದ ಮೊದಲ ಅಧ್ಯಕ್ಷ ಆದ.

ತ್ಸಾರನ ಟೋಪಿ ಇಟ್ಟುಕೊಂಡಿದ್ದ ಹುಡುಗರೇ ತ್ಸಾರನ ಭಾಷೆಯಲ್ಲಿ ಪ್ರಾರ್ಥನೆ ಮಾಡಲ್ಲ ಅಂದದ್ದು. ಬಟ್ಟೆಯನ್ನು ಸಹಿಸಿಕೊಂಡರು, ಮಾತಿನ ವಿಷಯಕ್ಕೆ ಬಂದಾಗ ಬಗ್ಗಲಿಲ್ಲ. ನನಗೆ ಇಡೀ ಕಥೆಯ ಕೀಲಿ ಇಲ್ಲೇ ಇದೆ ಅನ್ನಿಸುತ್ತೆ.

ಶಿರಸಿ ಮೇಷ್ಟ್ರು

ಮೇಡಂ, ಬಹಳ ಚೆನ್ನಾಗಿ ಹೇಳಿದಿರಿ. ಆದರೆ ಸ್ವಾತಂತ್ರ್ಯ ಬಂದ ಮೇಲಾದರೂ ಆ ಟೋಪಿ ಬಿಡಬಹುದಿತ್ತಲ್ಲ? ಬಿಟ್ಟರೋ ಇಲ್ಲವೋ?

ಕೌನಾಸ್ ಕನ್ನಡಿಗ

ಬಿಡಲಿಲ್ಲ ಮೇಷ್ಟ್ರೇ. ತಮ್ಮದು ಮಾಡಿಕೊಂಡರು.

1918ರ ಫೆಬ್ರವರಿ 16ರಂದು ಸ್ವಾತಂತ್ರ್ಯ ಘೋಷಣೆ. ಅದಕ್ಕೂ ಮೊದಲೇ, 1906ರಿಂದ ಸೌಲೆ, ಝಿಬುರಿಸ್ ಮೊದಲಾದ ಸಂಘಗಳು ಲಿಥುವೇನಿಯನ್ ಶಾಲೆಗಳನ್ನು ನಡೆಸ್ತಿದ್ದವು. ಮೊದಲ ಮಹಾಯುದ್ಧದಲ್ಲಿ ಮನೆಮಠ ಬಿಟ್ಟು ರಷ್ಯಾದ ಒಳನಾಡಿಗೆ ಓಡಿದವರು ವೊರೊನೆಜ್‌ನಲ್ಲೂ ಲಿಥುವೇನಿಯನ್ ಜಿಮ್ನೇಸಿಯಂ ತೆರೆದಿದ್ದರು. ನಿರಾಶ್ರಿತರಾಗಿ ಹೋದ ಜಾಗದಲ್ಲೂ ಶಾಲೆ ಕಟ್ಟಿದ್ದಾರೆ ನೋಡಿ!

1920ರಲ್ಲಿ ವಿಲ್ನಿಯಸ್ ಪೋಲೆಂಡ್ ಕೈಗೆ ಹೋಯಿತು, ಕೌನಾಸ್ ತಾತ್ಕಾಲಿಕ ರಾಜಧಾನಿ ಆಯಿತು. 1922ರಲ್ಲಿ ಇಲ್ಲಿ ವಿಶ್ವವಿದ್ಯಾಲಯ ತೆರೆಯಿತು. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನೂ ಅದೇ ವರ್ಷದ್ದು. ಕಾನೂನು ಮಾಡಿದ್ದು ಸುಲಭ, ಕಟ್ಟಡ, ಮೇಷ್ಟ್ರು ಎಲ್ಲಿಂದ ತರೋದು? 1928ರಲ್ಲಿ ಜಾರಿಗೆ ತರಲು ಶುರು ಮಾಡಿದರು. ಮೊದಲು ನಾಲ್ಕು ವರ್ಷದ ಶಾಲೆ, 1936ರ ಸುಧಾರಣೆಯಲ್ಲಿ ಆರು ವರ್ಷ.

ಜಿಮ್ನೇಸಿಯಂಗಳಲ್ಲಿ ಸಮವಸ್ತ್ರ ಉಳಿಯಿತು. ಹುಡುಗಿಯರಿಗೆ ಗಾಢ ಉಡುಪು, ಏಪ್ರನ್, ಬಿಳಿ ಕಾಲರ್. ಹುಡುಗರಿಗೆ ಟೋಪಿ. ಟೋಪಿ ನೋಡಿ ಇವನು ಯಾವ ಶಾಲೆಯವನು ಅಂತ ಬೀದಿಯಲ್ಲೇ ಗುರುತು ಹಿಡಿಯಬಹುದಿತ್ತು. ಹಳ್ಳಿಯಿಂದ ಬಂದ ರೈತನ ಮಗ ಆ ಟೋಪಿ ಇಟ್ಟುಕೊಂಡು ರಜೆಗೆ ಊರಿಗೆ ಹೋದರೆ ಅಪ್ಪ ಅಮ್ಮನಿಗೆ ಎಂಥ ಹೆಮ್ಮೆ ಆಗಿರಬೇಕು! ಗುಟ್ಟಿನ ಶಾಲೆಯಲ್ಲಿ ಕಲಿತ ತಲೆಮಾರು ಅದು.

ಶಿರಸಿ ಮೇಷ್ಟ್ರು

ಹೆಮ್ಮೆ ಸರಿ. ಆದರೆ ಅದೇ ಟೋಪಿ ಬೇಲಿಯೂ ಆಗಿತ್ತು ಅನ್ನೋದನ್ನು ಬಿಡಬೇಡಿ. ಜಿಮ್ನೇಸಿಯಂಗೆ ಶುಲ್ಕ ಇತ್ತು, ಪಟ್ಟಣದಲ್ಲಿ ಉಳಿಯೋ ಖರ್ಚು ಬೇರೆ. ಹಳ್ಳಿಯ ಬಹುಪಾಲು ಮಕ್ಕಳು ಪ್ರಾಥಮಿಕ ಮುಗಿಸಿ ಹೊಲಕ್ಕೆ ಹೋದರು. ಮೂವತ್ತೈದು ವರ್ಷ ಹಳ್ಳಿಯ ಶಾಲೆಯಲ್ಲಿ ಇದ್ದವನು ನಾನು, ಟೋಪಿ ಸಿಗದವನ ಕಣ್ಣಿಗೆ ಆ ಟೋಪಿ ಹೇಗೆ ಕಾಣುತ್ತೆ ಅಂತ ಬಲ್ಲೆ.

ಇನ್ನೊಂದು. 1926ರಲ್ಲಿ ಸ್ಮೆತೋನಾ ದಂಗೆಯ ಮೂಲಕ ಮತ್ತೆ ಅಧಿಕಾರಕ್ಕೆ ಬಂದರು. 1930ರಲ್ಲಿ ಕ್ಯಾಥೊಲಿಕ್ ವಿದ್ಯಾರ್ಥಿ ಸಂಘವನ್ನು ಪ್ರೌಢಶಾಲೆಗಳಲ್ಲಿ ನಿಷೇಧಿಸಿದ್ದು ಅವರದೇ ಸರ್ಕಾರ. ಪ್ರಾರ್ಥನೆಗಾಗಿ ಶಾಲೆ ಬಿಡಬೇಕಾಗಿ ಬಂದಿದ್ದ ಹುಡುಗ ದೊಡ್ಡವನಾಗಿ ಹೀಗೆ ಮಾಡಿದ್ದು ನನಗೆ ನುಂಗಲಾರದ ತುತ್ತು.

ಇತಿಹಾಸಪ್ರಿಯೆ

ಇಬ್ಬರೂ ಒಂದನ್ನು ಬಿಟ್ಟಿದ್ದೀರಿ. ಆ ಕಾಲದ ಲಿಥುವೇನಿಯಾದಲ್ಲಿ ಶಾಲೆ ಅಂದರೆ ಲಿಥುವೇನಿಯನ್ ಶಾಲೆ ಮಾತ್ರ ಅಲ್ಲ. ಹೀಬ್ರೂ, ಯಿಡ್ಡಿಷ್ ಭಾಷೆಗಳಲ್ಲಿ ಪಾಠ ಹೇಳುವ ಯಹೂದಿ ಶಾಲೆಗಳು ಊರೂರಲ್ಲಿ ಇದ್ದವು. ಕೌನಾಸ್‌ನಲ್ಲಿ ಹೀಬ್ರೂ ಜಿಮ್ನೇಸಿಯಂಗಳೇ ಇದ್ದವು, ಅಲ್ಲಿನ ಮಕ್ಕಳೂ ಟೋಪಿ ಇಟ್ಟುಕೊಂಡೇ ಹೋಗ್ತಿದ್ದರು. 1941ರಲ್ಲಿ ನಾಜಿಗಳು ಬಂದ ಮೇಲೆ ಸ್ಥಳೀಯ ಸಹಾಯಕರೂ ಸೇರಿ ದೇಶದ ಯಹೂದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಆ ಶಾಲೆಗಳ ಮಕ್ಕಳೂ ಮೇಷ್ಟ್ರುಗಳೂ ಅದರಲ್ಲಿದ್ದಾರೆ. ಒಂದು ಇಡೀ ಶಾಲಾ ಪರಂಪರೆ ಕೆಲವೇ ತಿಂಗಳಲ್ಲಿ ಅಳಿಸಿಹೋಯಿತು. ಲಿಥುವೇನಿಯಾದ ಶಿಕ್ಷಣದ ಇತಿಹಾಸ ಹೇಳುವಾಗ ಈ ಪುಟವನ್ನು ಹಾರಿಸಿ ಹೋಗಬಾರದು.

ವಿಲ್ನಿಯಸ್‌ವಾಸಿ

ಹೇಳಿದ್ದಕ್ಕೆ ವಂದನೆ ಅಕ್ಕ. ವಿಲ್ನಿಯಸ್‌ನಲ್ಲಿ ಈಗ ಯಿಡ್ಡಿಷ್ ಲೇಖಕ ಶೋಲೆಮ್ ಅಲೈಖೆಮ್ ಹೆಸರಿನ ಯಹೂದಿ ಜಿಮ್ನೇಸಿಯಂ ಇದೆ. ಅದರ ಹಿಂದೆ ಇಷ್ಟು ದೊಡ್ಡ ಶೂನ್ಯ ಇದೆ ಅಂತ ಈಗ ಅರ್ಥ ಆಗ್ತಿದೆ.

ಸೋವಿಯತ್ ಕಾಲಕ್ಕೆ ಬರೋಣವೇ? ನಮ್ಮ ಆಫೀಸಿನ ಹಿರಿಯರ ಸಿಟ್ಟು ಅಲ್ಲಿಯದು.

ನೂಲಿನವಳು

ಬಟ್ಟೆಯ ವಿಷಯ ಬಂತಲ್ಲ, ನಾನು ಹೇಳ್ತೀನಿ. ಜವಳಿ ನನ್ನ ಕಸುಬು.

1940ರಲ್ಲಿ ಸೋವಿಯತ್ ಸೇನೆ ಬಂತು, ಯುದ್ಧದ ಕೊನೆಗೆ ಮತ್ತೆ ಬಂತು. 1940ರ ದಶಕದ ಕೊನೆಗೆ ಸೋವಿಯತ್ ಒಕ್ಕೂಟದಲ್ಲಿ ಜಾರಿಯಾದ ಸಮವಸ್ತ್ರ ನೋಡಿದರೆ ಕಣ್ಣು ಉಜ್ಜಿಕೊಳ್ಳಬೇಕು: ಕಂದು ಉಣ್ಣೆಯ ಉಡುಪು, ಕಪ್ಪು ಏಪ್ರನ್, ಹಬ್ಬಕ್ಕೆ ಬಿಳಿ ಏಪ್ರನ್. ಮೇಡಂ ನೆನಪಿಟ್ಟುಕೊಳ್ಳಿ ಅಂದ ಅದೇ ತ್ಸಾರನ ಕಾಲದ ಜೋಡಿ! ತ್ಸಾರನನ್ನು ಕೊಂದವರು ಅವನ ಶಾಲೆಯ ಏಪ್ರನ್ ಉಳಿಸಿಕೊಂಡರು. ಹುಡುಗರಿಗೆ ಮೊದಲು ಸೈನಿಕರಂಥ ಬೂದು ಅಂಗಿ, ಬೆಲ್ಟು, ಟೋಪಿ. 1960ರ ದಶಕದಲ್ಲಿ ಸಾಧಾರಣ ಬೂದು ಸೂಟು, 1970ರ ದಶಕದಲ್ಲಿ ನೀಲಿ ಕೋಟು, ತೋಳಿನ ಮೇಲೆ ತೆರೆದ ಪುಸ್ತಕ ಮತ್ತು ಸೂರ್ಯನ ಚಿತ್ರದ ಬಿಲ್ಲೆ. ಕುತ್ತಿಗೆಗೆ ಪಯೋನಿಯರ್ ಅನ್ನುವ ಕಮ್ಯುನಿಸ್ಟ್ ಮಕ್ಕಳ ಸಂಘದ ಕೆಂಪು ಸ್ಕಾರ್ಫ್.

ಹುಡುಗಿಯರ ಉಡುಪಿನ ಕಷ್ಟ ಕೇಳಿ. ಉಣ್ಣೆ ಬಟ್ಟೆ ಚುಚ್ಚುತ್ತೆ, ದಿನಾ ಒಗೆಯೋಕ್ಕಾಗಲ್ಲ. ಅದಕ್ಕೇ ಬಿಳಿ ಕಾಲರ್, ಮುಂಗೈ ಪಟ್ಟಿ ಎರಡನ್ನೂ ಬಿಡಿಯಾಗಿ ಇಟ್ಟು ಮೇಲೆ ಹೊಲಿಯೋದು. ಕೊಳೆಯಾದರೆ ಹೊಲಿಗೆ ಬಿಚ್ಚಿ, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮತ್ತೆ ಹೊಲಿಯಬೇಕು. ಸಾಮಾನ್ಯವಾಗಿ ಈ ಕೆಲಸ ಹುಡುಗಿಯರದೇ. ಶಾಲೆಯ ಬಾಗಿಲಲ್ಲಿ ಕಾಲರ್ ತಪಾಸಣೆ. ಎಲ್ಲರ ಕಾಲರ್ ಬಿಳಿಯೇ ಇರಬೇಕು ಅಂದಾಗ, ಕ್ರೋಶಾ ಹೆಣಿಗೆಯ ಒಂದು ಸಣ್ಣ ಅಂಚಿನಲ್ಲಿ ಹುಡುಗಿಯೊಬ್ಬಳು ತನ್ನದು ಅನ್ನೋದನ್ನು ಉಳಿಸಿಕೊಳ್ತಿದ್ದಳು. ನನಗೆ ಆ ಅಂಚಿನ ಮೇಲೆ ಬಹಳ ಪ್ರೀತಿ.

ಧಾರವಾಡದ ಇತಿಹಾಸ ಮೇಡಂ

ಬಹಳ ಚೆಂದ ಬರೆದಿರಿ. ನಾನು ಶಾಲೆಯ ಒಳಗಿನದನ್ನು ಸೇರಿಸ್ತೀನಿ.

1941ರ ಜೂನ್ 14ರಂದು ಶುರುವಾದ ಸಾಮೂಹಿಕ ಗಡೀಪಾರಿನಲ್ಲಿ ಸೈಬೀರಿಯಾಕ್ಕೆ ಹೋದವರಲ್ಲಿ ಶಿಕ್ಷಕರೂ ಅವರ ಮನೆಯವರೂ ಬಹಳ ಜನ. ಧರ್ಮದ ಪಾಠ ಶಾಲೆಯಿಂದ ಹೋಯಿತು, ಇತಿಹಾಸದ ಪಾಠ ಬದಲಾಯಿತು. ಆದರೂ ಎರಡು ವಿಷಯ ಗಮನಿಸಬೇಕು. ಪಾಠದ ಭಾಷೆ ಲಿಥುವೇನಿಯನ್ ಆಗಿಯೇ ಉಳಿಯಿತು. ಸೋವಿಯತ್ ಒಕ್ಕೂಟದ ಬಹುತೇಕ ಕಡೆ 10 ವರ್ಷದ ಶಾಲೆ ಇದ್ದಾಗ ಇಲ್ಲಿ 11 ವರ್ಷ ಇತ್ತು, ತಾಯ್ನುಡಿ ಮತ್ತು ರಷ್ಯನ್ ಎರಡಕ್ಕೂ ಹೊತ್ತು ಬೇಕು ಅಂತ. 1970ರ ದಶಕದ ಕೊನೆಯಲ್ಲಿ ಮಾಸ್ಕೋ ರಷ್ಯನ್ ಕಲಿಕೆಯನ್ನು ಶಿಶುವಿಹಾರದವರೆಗೂ ಒಯ್ಯಲು ಹೊರಟಾಗ ಹಳೇ ಭಯ ಮತ್ತೆ ಎದ್ದಿತು.

ಇಲ್ಲಿ ಮೈಲೆ ಲುಕ್ಷಿಯೆನೆ ಅವರ ಹೆಸರು ಹೇಳದೆ ಇರಲಾರೆ. 1913ರಲ್ಲಿ ಹುಟ್ಟಿದವರು, ವಿಲ್ನಿಯಸ್ ವಿಶ್ವವಿದ್ಯಾಲಯದಲ್ಲಿ ಲಿಥುವೇನಿಯನ್ ಸಾಹಿತ್ಯ ವಿಭಾಗದ ಮುಖ್ಯಸ್ಥೆ. ಪಕ್ಷದ ಸಿದ್ಧಾಂತಕ್ಕೆ ತಕ್ಕ ಹಾಗೆ ಪಾಠ ಮಾಡ್ತಿಲ್ಲ ಅಂತ 1950ರ ದಶಕದ ಕೊನೆಗೆ ಅವರನ್ನು ಅಲ್ಲಿಂದ ತೆಗೆದರು. ಅವರು ಶಿಕ್ಷಣದ ಸಂಶೋಧನೆಗೆ ಇಳಿದರು, ಈ ದೇಶದ ಹಳೇ ಶಾಲೆಗಳ ಇತಿಹಾಸ ಕೆದಕಿ ಬರೆದರು. 1988ರಲ್ಲಿ ಸಾಯುದಿಸ್ ಅನ್ನುವ ಸ್ವಾತಂತ್ರ್ಯ ಚಳವಳಿ ಎದ್ದಾಗ, ಎಪ್ಪತ್ತೈದರ ವಯಸ್ಸಿನಲ್ಲಿ, ತಮ್ಮ ಗುಂಪಿನೊಂದಿಗೆ ರಾಷ್ಟ್ರೀಯ ಶಾಲೆಯ ಕಲ್ಪನೆಯನ್ನು ಮುಂದಿಟ್ಟರು. ಆಮೇಲೆ 1992ರ ಶಿಕ್ಷಣ ನೀತಿಗೆ ಅದೇ ತಳಹದಿ. ಮಗುವನ್ನು ಅಚ್ಚಿಗೆ ಸುರಿಯಬೇಡಿ, ತಾನೇ ಯೋಚಿಸುವ ಮನುಷ್ಯನಾಗಿ ಬೆಳೆಸಿ ಅನ್ನೋದು ಅದರ ತಿರುಳು. ಸಮವಸ್ತ್ರ ಕಳಚಿದ್ದು ಅದೇ ವರ್ಷಗಳಲ್ಲಿ. ನಿಮ್ಮ ಆಫೀಸಿನ ಹಿರಿಯರು ಆಗ ಶಾಲೆಯಲ್ಲಿದ್ದವರು. ಬಣ್ಣದ ಸ್ವೆಟರ್ ತೊಟ್ಟು ತರಗತಿಗೆ ಹೋದದ್ದೇ ಅವರಿಗೆ ಸ್ವಾತಂತ್ರ್ಯದ ಮೊದಲ ರುಚಿ. ಅವರ ಮುಖ ಗಂಟಾದರೆ ಆಶ್ಚರ್ಯವಿಲ್ಲ.

ಕಲಬುರಗಿ ಹುಡುಗ

ಹಂಗಾರ ಮತ್ತ ಯಾಕ ತಂದ್ರು? ಅದನ್ನೇ ಯಾರೂ ಹೇಳವಲ್ಲರು.

ಕೌನಾಸ್ ಕನ್ನಡಿಗ

ಹೇಳ್ತೀನಿ. 1990ರ ದಶಕ ಇಲ್ಲಿ ಸ್ವಾತಂತ್ರ್ಯದ ಜೊತೆಗೆ ಬಡತನವನ್ನೂ ತಂದಿತ್ತು. ಕೆಲವರ ಕೈಯಲ್ಲಿ ದಿಢೀರ್ ದುಡ್ಡು, ಹಲವರ ಕೆಲಸ ಹೋಯಿತು. ಆ ವ್ಯತ್ಯಾಸ ತರಗತಿಯಲ್ಲಿ ಮಕ್ಕಳ ಮೈಮೇಲೆ ಕಾಣತೊಡಗಿತು: ಬ್ರಾಂಡ್ ಜಾಕೆಟ್ ಇದ್ದವನು, ಅಣ್ಣನ ಹಳೇದು ತೊಟ್ಟವನು. ಹಿಂದಿನ ಸಮವಸ್ತ್ರಕ್ಕಿಂತ ಇದು ಹೆಚ್ಚು ನೋಯಿಸುತ್ತೆ ಅಂತ ಪೋಷಕರು, ಮೇಷ್ಟ್ರುಗಳು ಹೇಳತೊಡಗಿದರು. 2000ದ ದಶಕದಲ್ಲಿ ಒಂದೊಂದಾಗಿ ಶಾಲೆಗಳು ಸಮವಸ್ತ್ರ ತಂದವು. ಇನ್ನೊಂದು ಕಾರಣವೂ ಇತ್ತು. ಯುದ್ಧಕ್ಕೆ ಮುಂಚಿನ ಜಿಮ್ನೇಸಿಯಂಗಳ ಹೆಸರು, ಲಾಂಛನ, ಧ್ವಜ ಎಲ್ಲ ಮರಳಿ ಬಂದಿದ್ದವು, ಅದರ ಜೊತೆ ತಮ್ಮ ಶಾಲೆಗೆ ತಮ್ಮದೇ ಬಣ್ಣ ಬೇಕು ಅನ್ನೋ ಆಸೆ.

ಸೋವಿಯತ್ ಕಾಲಕ್ಕೂ ಇದಕ್ಕೂ ಅಂತರ ಇರೋದು ತೀರ್ಮಾನ ಯಾರದು ಅನ್ನೋದರಲ್ಲಿ. ವ್ಲಾದಿವೊಸ್ತೊಕ್‌ನಿಂದ ಕೌನಾಸ್‌ವರೆಗೆ ಒಂದೇ ಕಂದು ಉಡುಪು ಅಲ್ಲ. ಒಂದು ಶಾಲೆಯಲ್ಲಿ ಹಸಿರು ಚೌಕಳಿ, ಪಕ್ಕದ ಶಾಲೆಯಲ್ಲಿ ನೀಲಿ, ಮೂರನೆಯದರಲ್ಲಿ ಏನೂ ಇಲ್ಲ. ಪೋಷಕರು, ಶಿಕ್ಷಕರು, ವಿದ್ಯಾರ್ಥಿಗಳು ಕೂತ ಶಾಲಾ ಮಂಡಳಿಯಲ್ಲಿ ಇದು ಚರ್ಚೆಗೆ ಬರುತ್ತೆ. ದೊಡ್ಡ ತರಗತಿಯ ಮಕ್ಕಳು ತೊಡಲ್ಲ ಅಂತ ಹಟ ಹಿಡಿದು ಬರೀ ಲಾಂಛನದ ಬಿಲ್ಲೆಗೆ ಇಳಿಸಿಕೊಂಡ ಕಡೆಗಳೂ ಉಂಟು.

ಶಿರಸಿ ಮೇಷ್ಟ್ರು

ಮಂಡಳಿ ತೀರ್ಮಾನಿಸಿತು ಅಂದ ಮಾತ್ರಕ್ಕೆ ಬಡವನ ಖರ್ಚು ಇಳಿಯೋದಿಲ್ಲ. ನಮ್ಮಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಸಮವಸ್ತ್ರ ಸರ್ಕಾರವೇ ಕೊಡುತ್ತೆ. ಅಲ್ಲಿ?

ಕೌನಾಸ್ ಕನ್ನಡಿಗ

ಇಲ್ಲಿ ಪೋಷಕರೇ ಕೊಳ್ಳಬೇಕು ಮೇಷ್ಟ್ರೇ. ಕಡಿಮೆ ಆದಾಯದ ಮನೆಗಳಿಗೆ ಶಾಲಾ ಸಾಮಗ್ರಿಗೆ ಅಂತ ನಗರಸಭೆಯ ಮೂಲಕ ನೆರವು ಸಿಗುತ್ತೆ, ಅದರಲ್ಲಿ ಬಟ್ಟೆಯನ್ನೂ ಕೊಳ್ಳಬಹುದು. ಎಲ್ಲರಿಗೂ ಉಚಿತವಾಗಿ ಕೊಟ್ಟರೆ ಇನ್ನೂ ಒಳ್ಳೆಯದು ಅನ್ನೋದರಲ್ಲಿ ನಾನು ನಿಮ್ಮ ಕಡೆಯೇ. ಊಟದಲ್ಲಿ ಆ ದಾರಿ ಹಿಡಿದಿದ್ದಾರೆ: 2020ರಿಂದ ಶಾಲಾಪೂರ್ವ ಮತ್ತು ಒಂದನೇ ತರಗತಿಯ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ.

ಇತಿಹಾಸಪ್ರಿಯೆ

ಬಟ್ಟೆಯ ತೀರ್ಮಾನ ಶಾಲೆಯ ಕೈಗೆ ಬಂತು, ಸಂತೋಷ. ಆದರೆ ಭಾಷೆ? ವಿಲ್ನಿಯಸ್ ಸುತ್ತಮುತ್ತ ಪೋಲಿಷ್, ರಷ್ಯನ್ ಮಾಧ್ಯಮದ ಶಾಲೆಗಳಿವೆ, ಬೆಲರೂಸಿಯನ್ ಶಾಲೆಯೂ ಇದೆ. 2011ರ ಶಿಕ್ಷಣ ಕಾನೂನು ಆ ಶಾಲೆಗಳಲ್ಲೂ ಕೆಲವು ಪಾಠ ಲಿಥುವೇನಿಯನ್‌ನಲ್ಲೇ ಆಗಬೇಕು ಅಂದಾಗ ಪೋಲಿಷ್ ಪೋಷಕರು ಬೀದಿಗಿಳಿದರು. ರಾಜ್ಯದ ಭಾಷೆ ಬಾರದಿದ್ದರೆ ಮಕ್ಕಳಿಗೆ ಮುಂದೆ ಕಷ್ಟ ಅನ್ನೋ ವಾದದಲ್ಲಿ ಹುರುಳಿದೆ, ಒಪ್ತೀನಿ. ಆದರೂ ರಾಟೆಯ ಪಕ್ಕ ಕೂತು ತಾಯ್ನುಡಿ ಕಲಿತವರ ದೇಶ ಪೋಲಿಷ್ ತಾಯಿಯ ಮಾತನ್ನು ಉಳಿದವರಿಗಿಂತ ಹೆಚ್ಚು ತಾಳ್ಮೆಯಿಂದ ಕೇಳಬೇಕಿತ್ತು.

ಧಾರವಾಡದ ಇತಿಹಾಸ ಮೇಡಂ

ನಿಮ್ಮ ಮಾತಿಗೆ ನನ್ನ ಪೂರ್ತಿ ಸಹಮತ. ಒಂದೇ ಸೇರಿಸ್ತೀನಿ. ಪಕ್ಕದ ದೇಶಗಳಿಗೆ ಹೋಲಿಸಿದರೆ ಲಿಥುವೇನಿಯಾದಲ್ಲಿ ಅಲ್ಪಸಂಖ್ಯಾತರ ಮಾಧ್ಯಮದ ಶಾಲೆ ಒಂದನೇ ತರಗತಿಯಿಂದ ಹನ್ನೆರಡರವರೆಗೆ ಇವತ್ತಿಗೂ ಉಳಿದಿದೆ. ಅದನ್ನು ಕಾಯ್ದುಕೊಳ್ಳಲಿ ಅಂತ ನನ್ನ ಆಸೆ.

ವಿಲ್ನಿಯಸ್‌ವಾಸಿ

ಎಲ್ಲರಿಗೂ ಮನಸಾರೆ ವಂದನೆ. ನಾಳೆ ಆಫೀಸಿನ ಹಿರಿಯರ ಹತ್ತಿರ ಕಾಲರ್ ಹೊಲಿಯೋ ಕಥೆ ಕೇಳಲೇಬೇಕು. ಕೊನೆಯದಾಗಿ, ಸೆಪ್ಟೆಂಬರ್ 1ರಂದು ನಾವು ಏನು ಸಿದ್ಧತೆ ಮಾಡಿಕೊಳ್ಳಬೇಕು?

ಕೌನಾಸ್ ಕನ್ನಡಿಗ

ಹೂವು ಮರೀಬೇಡಿ. ಮಗು ತನ್ನ ಮೇಷ್ಟ್ರಿಗೆ ಹೂಗುಚ್ಛ ಕೊಡುತ್ತೆ, ಹಿಂದಿನ ದಿನವೇ ತಂದಿಡಿ, ಬೆಳಿಗ್ಗೆ ಅಂಗಡಿಗಳಲ್ಲಿ ಸಾಲು ಇರುತ್ತೆ. ಆ ದಿನ ಅಂಗಳದಲ್ಲಿ ಸಭೆ, ಹಾಡು, ಭಾಷಣ ಇರುತ್ತೆ, ಪಾಠ ಕಡಿಮೆ. ಅಪ್ಪ ಅಮ್ಮ ಇಬ್ಬರೂ ಹೋಗಿ, ಬಹಳ ಜನ ಆಫೀಸಿನಿಂದ ಅರ್ಧ ದಿನ ಬಿಡುವು ಪಡೆದೇ ಬರ್ತಾರೆ. ಸ್ವೆಟರ್ ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ. ಶಾಲೆಯ ಪೋಷಕರ ಗುಂಪಿನಲ್ಲಿ ಕೇಳಿ ನೋಡಿ, ದೊಡ್ಡ ಮಕ್ಕಳಿಗೆ ಚಿಕ್ಕದಾದ ಲಂಗ, ಸ್ವೆಟರ್ ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ.